ಜುಲೈ ಬೇರೆ, ಡಿಸೆಂಬರ್ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಗಾಜಾ ಯುದ್ಧ ಶುರುವಾದಾಗಿನಿಂದ ಟಿವಿ ಚರ್ಚೆಗಳಲ್ಲಿ, ಅಂಕಣಗಳಲ್ಲಿ ಒಂದು ಕಥೆ ಪದೇ ಪದೇ ಕೇಳಿಬರುತ್ತಿದೆ. 2000ನೇ ಇಸವಿಯಲ್ಲಿ ಇಸ್ರೇಲ್ 1967ರಿಂದ ತನ್ನ ಹಿಡಿತದಲ್ಲಿದ್ದ ವೆಸ್ಟ್ ಬ್ಯಾಂಕ್ ಪ್ರದೇಶದಲ್ಲಿ ಶೇ 97ರಷ್ಟು ಜಾಗವನ್ನು ಪ್ಯಾಲೆಸ್ಟೀನಿಯರಿಗೆ ಕೊಡಲು ಒಪ್ಪಿತ್ತಂತೆ. ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಬೇಡ ಎಂದು, ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಸಂಧಾನಕ್ಕೆ ಕರೆದಿದ್ದ ಕ್ಯಾಂಪ್ ಡೇವಿಡ್‌ನಿಂದ ಎದ್ದು ಬಂದರಂತೆ. ಬಂದವರೇ ದಂಗೆ ಎಬ್ಬಿಸಿದರಂತೆ. ಇಷ್ಟು ಹೇಳಿ ಮುಗಿಸಿಬಿಡುತ್ತಾರೆ. ಎದುರಿಗೆ ಕೂತವರೂ ಮರುಮಾತಾಡುವುದಿಲ್ಲ. ಉಡುಪಿ, ಮಂಗಳೂರು ಕಡೆಯ ಎಷ್ಟೋ ಜನ ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಇಲ್ಲಿ ಅವರ ಮನೆಯವರು ಈ ಸುದ್ದಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅವರಿಗೆ ಅರ್ಧ ಕಥೆ ಹೇಳಬಾರದು.

ಈ ಕಥೆಯಲ್ಲಿರುವ ಮೊದಲ ತಪ್ಪು ತಿಂಗಳುಗಳದ್ದು. ಕ್ಯಾಂಪ್ ಡೇವಿಡ್ ಸಭೆ ನಡೆದದ್ದು 2000ದ ಜುಲೈ 11ರಿಂದ 25ರವರೆಗೆ. ಶೇ 97 ಎಂಬ ಲೆಕ್ಕ ಹುಟ್ಟಿದ್ದು ಡಿಸೆಂಬರ್ 23ಕ್ಕೆ, ವಾಷಿಂಗ್ಟನ್‌ನಲ್ಲಿ. ನಡುವೆ ಐದು ತಿಂಗಳು ಕಳೆದಿದ್ದವು. ಡಿಸೆಂಬರಿನ ಪ್ರಸ್ತಾಪವನ್ನು ಜುಲೈಗೆ ಅಂಟಿಸಿದರೆ ಇಡೀ ಇತಿಹಾಸವೇ ತಲೆಕೆಳಗಾಗುತ್ತದೆ, ಅಲ್ವಾ?

ಕ್ಯಾಂಪ್ ಡೇವಿಡ್ ಅಂದ ಕೂಡಲೇ ಚಾನೆಲ್‌ಗಳು ಒಂದು ದೃಶ್ಯ ತೋರಿಸುತ್ತವೆ. ಮರದ ಮನೆಯ ಬಾಗಿಲಲ್ಲಿ ಇಸ್ರೇಲಿನ ಆಗಿನ ಪ್ರಧಾನಿ ಎಹುದ್ ಬರಾಕ್, ಅರಾಫತ್ ಇಬ್ಬರೂ ನೀವು ಮೊದಲು, ನೀವು ಮೊದಲು ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ, ಕ್ಲಿಂಟನ್ ನಗುತ್ತಿದ್ದಾರೆ. ಬಾಗಿಲು ದಾಟಿದ ಮೇಲೆ ಏನಾಯಿತು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಎರಡು ವಾರಗಳಲ್ಲಿ ಇಬ್ಬರೂ ಎದುರುಬದುರು ಕೂತು ಮುಖ್ಯ ವಿಷಯ ಮಾತಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ಇಸ್ರೇಲ್ ತನ್ನ ಪ್ರಸ್ತಾಪವನ್ನು ಬರೆದು ಕೊಡಲಿಲ್ಲ. ಅದು ಅಮೆರಿಕದವರ ಬಾಯಿಂದ ಪ್ಯಾಲೆಸ್ಟೀನಿಯರ ಕಿವಿಗೆ ಹೋಯಿತು. ಅಲ್ಲಿದ್ದವರು ಬರೆದಿರುವ ಪ್ರಕಾರ ಅದು ವೆಸ್ಟ್ ಬ್ಯಾಂಕಿನ ಸುಮಾರು ಶೇ 91, ಜೊತೆಗೆ ಇಸ್ರೇಲ್ ಒಳಗಿನ ಶೇ 1ರಷ್ಟು ಜಾಗದ ಬದಲಿ.

ಆ ಶೇ 91 ಯಾವುದರ ಲೆಕ್ಕ ಎಂಬುದರಲ್ಲೇ ಜಗಳವಿತ್ತು. ಇಸ್ರೇಲ್ ತಾನು ಸೇರಿಸಿಕೊಂಡಿದ್ದ ಪೂರ್ವ ಜೆರುಸಲೇಮನ್ನು ಆ ಲೆಕ್ಕದಿಂದ ಹೊರಗಿಟ್ಟಿತ್ತು. ಪ್ಯಾಲೆಸ್ಟೀನಿಯರು ಎಣಿಸುತ್ತಿದ್ದ ರೀತಿಯೇ ಬೇರೆ. 1948ಕ್ಕೆ ಮೊದಲಿನ ಪ್ಯಾಲೆಸ್ಟೀನ್‌ನಲ್ಲಿ ಶೇ 78ನ್ನು 1988ರಲ್ಲೇ ಬಿಟ್ಟುಕೊಟ್ಟಿದ್ದೇವೆ, ಉಳಿದ ಶೇ 22ರಲ್ಲೂ ಮತ್ತೆ ಚೌಕಾಸಿ ಮಾಡಬೇಕಾ ಎಂಬುದು ಅವರ ಪ್ರಶ್ನೆ. ಆ ವಾದವನ್ನು ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಮುಚ್ಚಿಟ್ಟು ಬರೀ ಶೇಕಡಾವಾರು ಹೇಳಿದರೆ ಕೇಳುವವರಿಗೆ ಮೋಸವಾಗುತ್ತದೆ.

ಅರಾಫತ್ ಅಲ್ಲಿ ಸರಿಯಾಗಿ ನಡೆದುಕೊಂಡರು ಎನ್ನಲು ನಾನು ತಯಾರಿಲ್ಲ. ಅಮೆರಿಕದ ಸಂಧಾನಕಾರ ಡೆನಿಸ್ ರಾಸ್ ಅವರ ದೂರು ಗಟ್ಟಿಯಾಗಿಯೇ ಇದೆ. ಅರಾಫತ್ ತಮ್ಮ ಕಡೆಯಿಂದ ಒಂದು ಪ್ರತಿ-ಪ್ರಸ್ತಾಪವನ್ನೂ ಮುಂದಿಡಲಿಲ್ಲ. ಯಹೂದಿಗಳ ಪುರಾತನ ದೇವಾಲಯ ಜೆರುಸಲೇಮಿನಲ್ಲಿ ಇರಲೇ ಇಲ್ಲ ಎಂದು ವಾದಿಸಿದರು. ಎದುರಿಗಿರುವವರ ನಂಬಿಕೆಯ ಬುಡಕ್ಕೇ ಕೈಹಾಕಿ ಸಂಧಾನ ಮಾಡಲು ಆಗುತ್ತದೆಯೇ? ಇನ್ನೊಂದು ಕಡೆ, ಬರಾಕ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ ಶ್ಲೋಮೋ ಬೆನ್-ಅಮಿ ಅದೇ ಕ್ಯಾಂಪ್ ಡೇವಿಡ್‌ನಲ್ಲಿ ಇದ್ದವರು. ನಾನು ಪ್ಯಾಲೆಸ್ಟೀನಿಯನಾಗಿದ್ದರೆ ಕ್ಯಾಂಪ್ ಡೇವಿಡ್ ಪ್ರಸ್ತಾಪವನ್ನು ನಾನೂ ತಿರಸ್ಕರಿಸುತ್ತಿದ್ದೆ ಎಂದು ಅವರು 2006ರಲ್ಲಿ ಹೇಳಿದರು. ಡಿಸೆಂಬರಿನ ಪ್ರಸ್ತಾಪವನ್ನು ಅರಾಫತ್ ಕೈಬಿಟ್ಟದ್ದು ದೊಡ್ಡ ತಪ್ಪು ಎನ್ನುವವರೂ ಅವರೇ. ಜುಲೈಯನ್ನೂ ಡಿಸೆಂಬರನ್ನೂ ಬೇರೆ ಬೇರೆಯಾಗಿ ನೋಡಿದ್ದರಿಂದಲೇ ಅವರು ಎರಡನ್ನೂ ಹೇಳಬಲ್ಲರು.

ಎದ್ದು ಬಂದು ದಂಗೆ ಎಬ್ಬಿಸಿದರು ಎಂಬ ಮಾತಿಗೆ ಬರುತ್ತೇನೆ. ಕ್ಯಾಂಪ್ ಡೇವಿಡ್ ಮುರಿದುಬಿದ್ದ ಮೇಲೂ ಎರಡೂ ಕಡೆಯ ಸಂಧಾನಕಾರರು ಭೇಟಿಯಾಗುತ್ತಲೇ ಇದ್ದರು. ಸೆಪ್ಟೆಂಬರ್ 25ರ ರಾತ್ರಿ ಅರಾಫತ್ ಕೋಖಾವ್ ಯಾಯಿರ್ ಊರಿನಲ್ಲಿ ಬರಾಕ್ ಅವರ ಮನೆಗೇ ಹೋಗಿದ್ದರು. ಮೂರು ದಿನದ ನಂತರ, 28ರಂದು, ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ನೂರಾರು ಪೊಲೀಸರ ಕಾವಲಿನಲ್ಲಿ ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯ ಆವರಣಕ್ಕೆ ಹೋದರು. ಯಹೂದಿಗಳಿಗೆ ಅದು ದೇವಾಲಯದ ಬೆಟ್ಟ. ಮಾರನೆಯ ದಿನ ಅಲ್ಲಿ ಗುಂಡು ಹಾರಿತು, ಹೆಣ ಬಿತ್ತು, ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಹೊತ್ತಿಕೊಂಡಿತು. ಇದನ್ನು ತನಿಖೆ ಮಾಡಿದ್ದು ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಅವರ ಸಮಿತಿ. 2001ರಲ್ಲಿ ಬಂದ ಅದರ ವರದಿ ಎರಡೂ ಕಡೆಯ ಪ್ರಚಾರಕ್ಕೆ ಅಡ್ಡ ಬರುತ್ತದೆ. ಶರೋನ್ ಭೇಟಿಯೇ ಇಂತಿಫಾದಾಕ್ಕೆ ಕಾರಣ ಅಲ್ಲ ಎಂದಿತು. ಪ್ಯಾಲೆಸ್ಟೀನ್ ಆಡಳಿತ ಮೊದಲೇ ಯೋಜನೆ ಹಾಕಿ ಹಿಂಸೆ ಶುರು ಮಾಡಿತು ಎನ್ನಲೂ ಆಧಾರವಿಲ್ಲ ಎಂದಿತು. ಶುರುವಾದ ಮೇಲೆ ತಡೆಯಲು ಅರಾಫತ್ ಆಡಳಿತ ಸರಿಯಾದ ಪ್ರಯತ್ನ ಮಾಡಲಿಲ್ಲ, ಇಸ್ರೇಲ್ ಪ್ರಾಣ ತೆಗೆಯದ ದಾರಿಗಳನ್ನು ಬಳಸಲು ಸತತ ಪ್ರಯತ್ನ ಮಾಡಲಿಲ್ಲ ಎಂದೂ ಹೇಳಿತು. ಚರ್ಚೆಗೆ ಕೂರುವ ಮುಂಚೆ ಈ ವರದಿಯನ್ನು ಓದಿಕೊಂಡು ಬರುವುದು ಅಷ್ಟು ಕಷ್ಟವೇ?

ಡಿಸೆಂಬರ್ 23, ಶನಿವಾರ. ಕ್ಲಿಂಟನ್ ಅಧಿಕಾರ ಬಿಡಲು ನಾಲ್ಕು ವಾರ ಉಳಿದಿತ್ತು. ಶ್ವೇತಭವನದಲ್ಲಿ ಎರಡೂ ಕಡೆಯವರನ್ನು ಕೂರಿಸಿ ತಮ್ಮ ಸೂತ್ರಗಳನ್ನು ನಿಧಾನವಾಗಿ ಓದಿದರು. ಕೇಳುವವರು ಬರೆದುಕೊಳ್ಳಲಿ ಅಂತಲೇ ಮೇಷ್ಟ್ರು ಉಕ್ತಲೇಖನ ಹೇಳುವ ಹಾಗೆ ಓದಿದರು. ವೆಸ್ಟ್ ಬ್ಯಾಂಕಿನ ಶೇ 94ರಿಂದ 96 ಪ್ಯಾಲೆಸ್ಟೀನ್‌ಗೆ, ಜೊತೆಗೆ ಶೇ 1ರಿಂದ 3ರಷ್ಟು ಬದಲಿ ಜಾಗ. ಜೆರುಸಲೇಮಿನಲ್ಲಿ ಅರಬ್ಬರ ಬಡಾವಣೆಗಳು ಪ್ಯಾಲೆಸ್ಟೀನ್‌ಗೆ, ಯಹೂದಿಗಳದ್ದು ಇಸ್ರೇಲ್‌ಗೆ. ನಾನು ಅಧಿಕಾರ ಬಿಟ್ಟ ದಿನ ಈ ಸೂತ್ರಗಳೂ ನನ್ನ ಜೊತೆ ಹೋಗುತ್ತವೆ ಎಂದು ಎಚ್ಚರಿಸಿದರು. ನಮ್ಮ ಚರ್ಚೆಗಳಲ್ಲಿ ಕೇಳಿಬರುವ ಶೇ 97 ಬಂದದ್ದು ಇಲ್ಲಿಂದ. ಅಮೆರಿಕದ ಅಧ್ಯಕ್ಷರ ಸೂತ್ರವನ್ನು ಇಸ್ರೇಲಿನ ಕೊಡುಗೆ ಎನ್ನುವುದು ಎರಡನೇ ತಪ್ಪು. ಇಸ್ರೇಲ್ ಸರ್ಕಾರ ಆಕ್ಷೇಪಗಳ ಜೊತೆಗೆ ಅದನ್ನು ಒಪ್ಪಿತು. ಅರಾಫತ್ ತಡ ಮಾಡಿದರು, ಜನವರಿ 2ಕ್ಕೆ ಕ್ಲಿಂಟನ್ ಬಳಿ ಹೋಗಿ ತಮ್ಮ ಆಕ್ಷೇಪಗಳನ್ನು ಹೇಳಿದರು. ಇಬ್ಬರೂ ಇದನ್ನು ಮುಂದಿನ ಮಾತುಕತೆಗೆ ಆಧಾರವಾಗಿ ಒಪ್ಪಿದ್ದಾರೆ, ಇಬ್ಬರಿಗೂ ಕೆಲವು ಆಕ್ಷೇಪಗಳಿವೆ ಎಂದು ಜನವರಿ 7ರಂದು ಕ್ಲಿಂಟನ್ ಸಾರ್ವಜನಿಕವಾಗಿ ಹೇಳಿದರು. ಅರಾಫತ್ ಅವರ ಆಕ್ಷೇಪಗಳು ಸೂತ್ರದ ಚೌಕಟ್ಟನ್ನೇ ಮೀರಿದ್ದವು, ಅದು ನಿರಾಕರಣೆಯೇ ಎಂದು ಕ್ಲಿಂಟನ್, ರಾಸ್ ಆಮೇಲೆ ಬರೆದರು. ಎರಡೂ ದಾಖಲೆಯಲ್ಲಿವೆ. ಎರಡನ್ನೂ ಹೇಳಬೇಕು.

ಅದಾದ ಮೇಲೂ ಬಾಗಿಲು ಮುಚ್ಚಿರಲಿಲ್ಲ. ಜನವರಿ 21ರಿಂದ 27ರವರೆಗೆ ಈಜಿಪ್ಟಿನ ತಾಬಾದಲ್ಲಿ ಮತ್ತೆ ಕೂತರು. ಒಪ್ಪಂದಕ್ಕೆ ಇಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ ಎಂದು ಇಬ್ಬರೂ ಸೇರಿ ಹೇಳಿಕೆ ಕೊಟ್ಟರು. ಐರೋಪ್ಯ ಒಕ್ಕೂಟದ ಪ್ರತಿನಿಧಿ ಮಿಗೆಲ್ ಮೊರಾಟಿನೋಸ್ ಎರಡೂ ಕಡೆಯವರನ್ನು ಕೇಳಿ ಯಾವುದರಲ್ಲಿ ಒಪ್ಪಿಗೆಯಿತ್ತು, ಯಾವುದರಲ್ಲಿ ಇರಲಿಲ್ಲ ಎಂದು ಬರೆದಿಟ್ಟರು. 2002ರಲ್ಲಿ ಇಸ್ರೇಲಿನದೇ ಪತ್ರಿಕೆ ಹಾರೆಟ್ಸ್ ಅದನ್ನು ಪ್ರಕಟಿಸಿತು. ತಾಬಾ ನಿಂತದ್ದು ಇಸ್ರೇಲಿನ ಚುನಾವಣೆಗಾಗಿ. ಫೆಬ್ರವರಿ 6ರಂದು ಬರಾಕ್ ಸೋತರು, ಶರೋನ್ ಗೆದ್ದರು. ವಾಷಿಂಗ್ಟನ್‌ಗೆ ಬುಷ್ ಬಂದಿದ್ದರು. ಇಬ್ಬರಿಗೂ ಆ ಕಡತ ಬೇಕಿರಲಿಲ್ಲ. ಎದ್ದು ಹೋದರು ಎನ್ನುವ ಕಥೆಯಲ್ಲಿ ತಾಬಾಕ್ಕೆ ಜಾಗವೇ ಇಲ್ಲ.

ಉಲ್ಟಾ ಕಥೆ ಹೇಳುವವರೂ ಕಡಿಮೆಯಿಲ್ಲ. ಇಸ್ರೇಲ್, ಪ್ಯಾಲೆಸ್ಟೀನಿಯರ ನಡುವೆ 1993ರಲ್ಲಿ ಆದ ಓಸ್ಲೋ ಶಾಂತಿ ಒಪ್ಪಂದ ಶುರುವಿನಿಂದಲೇ ಇಸ್ರೇಲಿನ ನಾಟಕ ಎನ್ನುತ್ತಾರೆ. 1993ರಿಂದ 2000ದೊಳಗೆ ವೆಸ್ಟ್ ಬ್ಯಾಂಕಿನ ಯಹೂದಿ ವಸತಿಗಳ ಜನಸಂಖ್ಯೆ ಸುಮಾರು 1.1 ಲಕ್ಷದಿಂದ 1.9 ಲಕ್ಷಕ್ಕೆ ಏರಿತು ಎನ್ನುತ್ತಾರೆ. ಅದು ನಿಜ. ಪ್ಯಾಲೆಸ್ಟೀನಿಯರ ನಂಬಿಕೆ ಒಡೆಯಲು ಅದು ದೊಡ್ಡ ಕಾರಣ. ಆದರೆ 1996ರ ಫೆಬ್ರವರಿ, ಮಾರ್ಚ್‌ನಲ್ಲಿ ಬಸ್ಸುಗಳಲ್ಲಿ, ಬೀದಿಗಳಲ್ಲಿ ಸಿಡಿದ ಆತ್ಮಾಹುತಿ ಬಾಂಬುಗಳ ಬಗ್ಗೆ ಇವರು ಬಾಯಿ ಬಿಡುವುದಿಲ್ಲ. ಅದರ ಹಿಂದೆಯೇ ಬಂದ ಚುನಾವಣೆಯಲ್ಲಿ ನೆತನ್ಯಾಹು ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಓಸ್ಲೋಗೆ ಸಹಿ ಹಾಕಿದ ಇಸ್ರೇಲ್ ಪ್ರಧಾನಿ ರಾಬಿನ್ ಅವರನ್ನು 1995ರ ನವೆಂಬರ್ 4ರಂದು ಕೊಂದದ್ದು ಒಬ್ಬ ಯಹೂದಿ ಉಗ್ರವಾದಿ. ಬರೀ ನಾಟಕಕ್ಕೆ ಯಾರಾದರೂ ಪ್ರಧಾನಿಯನ್ನು ಕೊಲ್ಲುತ್ತಾರೆಯೇ? 2002ರ ಮಾರ್ಚ್‌ನಲ್ಲಿ ಅರಬ್ ದೇಶಗಳು ಬೈರೂತ್‌ನಲ್ಲಿ ಸೇರಿ ಶಾಂತಿ ಪ್ರಸ್ತಾಪ ಮುಂದಿಡುವ ಹೊತ್ತಿಗೇ ಇಸ್ರೇಲಿನ ನೆತನ್ಯಾ ಊರಿನ ಹೋಟೆಲಿನಲ್ಲಿ ಹಬ್ಬದ ಊಟಕ್ಕೆ ಕೂತಿದ್ದವರ ನಡುವೆ ಹಮಾಸ್ ಬಾಂಬ್ ಸಿಡಿಸಿತು. 30 ಜನ ಸತ್ತರು. ಪ್ರಸ್ತಾಪ ಅಲ್ಲೇ ಮಂಕಾಯಿತು.

2008ರ ಕಥೆಯದ್ದೂ ಇದೇ ಪಾಡು. ಸೆಪ್ಟೆಂಬರ್ 16ರಂದು ಇಸ್ರೇಲಿನ ಆಗಿನ ಪ್ರಧಾನಿ ಓಲ್ಮರ್ಟ್ ಅವರು ಪ್ಯಾಲೆಸ್ಟೀನ್ ಆಡಳಿತದ ಅಧ್ಯಕ್ಷ ಅಬ್ಬಾಸ್‌ಗೆ ಮುಂದಿನ ಪ್ಯಾಲೆಸ್ಟೀನ್ ರಾಜ್ಯದ ಒಂದು ನಕ್ಷೆ ತೋರಿಸಿದರು. ಸಹಿ ಹಾಕದೆ ನಕ್ಷೆ ಕೊಡುವುದಿಲ್ಲ ಎಂದರು. ಅಬ್ಬಾಸ್ ನೆನಪಿಗೆ ಇರಲಿ ಅಂತ ಅದನ್ನು ಕಾಗದದ ಮೇಲೆ ಕೈಯಲ್ಲೇ ಗೀಚಿಕೊಂಡರು. ಆ ಹೊತ್ತಿಗೆ ಓಲ್ಮರ್ಟ್ ಭ್ರಷ್ಟಾಚಾರದ ಆರೋಪದಲ್ಲಿ ಸಿಕ್ಕಿ, ರಾಜೀನಾಮೆ ಕೊಡುವುದಾಗಿ ಹೇಳಿಯಾಗಿತ್ತು. ಅಬ್ಬಾಸ್ ಉತ್ತರ ಕೊಡದೇ ಹೋದದ್ದು ತಪ್ಪು ಎಂದು ನನಗೂ ಅನಿಸುತ್ತದೆ. ಆದರೆ ಅಬ್ಬಾಸ್ ತಿರಸ್ಕರಿಸಿದರು ಎಂದಷ್ಟೇ ಹೇಳಿ, ವಾರದೊಳಗೆ ರಾಜೀನಾಮೆ ಕೊಡಲಿದ್ದ ಪ್ರಧಾನಿಯ ಮಾತು ಅದು ಅನ್ನೋದನ್ನು ಬಿಟ್ಟರೆ ಹೇಗೆ? ಅಬ್ಬಾಸ್ ಇಲ್ಲ ಎಂದು ಹೇಳಲಿಲ್ಲ ಎಂದು ಓಲ್ಮರ್ಟ್ ಅವರೇ ಆಮೇಲೆ ಹೇಳಿದ್ದಾರೆ.

ಇನ್ನು ಕೆಲವರು 1947ಕ್ಕೇ ಹೋಗಿ, ಅರಬ್ಬರು ಆಗಲೇ ಪ್ಯಾಲೆಸ್ಟೀನಿನ ವಿಭಜನೆ ಬೇಡ ಎಂದರಲ್ಲ ಎನ್ನುತ್ತಾರೆ. ಹೌದು. ಆ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ಆ ವಿಭಜನೆಗೆ ವಿರುದ್ಧ ಮತ ಹಾಕಿದ 13 ದೇಶಗಳಲ್ಲಿ ಭಾರತವೂ ಒಂದು. ವಿಶ್ವಸಂಸ್ಥೆಯ ಸಮಿತಿಯಲ್ಲಿ ನಮ್ಮ ಪ್ರತಿನಿಧಿ ಒಕ್ಕೂಟ ರಾಜ್ಯದ ಯೋಜನೆಯ ಪರ ನಿಂತಿದ್ದರು. ಇದನ್ನು ನಮ್ಮ ವೀಕ್ಷಕರಿಗೆ ಹೇಳಿದ ಒಬ್ಬ ನಿರೂಪಕರನ್ನೂ ನಾನು ಕಂಡಿಲ್ಲ.

ಚಾನೆಲ್‌ಗಳಿಗೂ ಪತ್ರಿಕೆಗಳಿಗೂ ನನ್ನ ಕೋರಿಕೆ ಇಷ್ಟೇ. ಯಾರೇ ಶೇಕಡಾವಾರು ಹೇಳಿದರೂ ಅದು ಯಾವ ತಾರೀಖಿನದು, ಯಾರ ಪ್ರಸ್ತಾಪ, ಬರಹದಲ್ಲಿತ್ತೇ ಎಂದು ನಿರೂಪಕರು ಅಲ್ಲೇ ಕೇಳಲಿ. ಕ್ಲಿಂಟನ್ ಸೂತ್ರ, ಮಿಚೆಲ್ ವರದಿ, ಮೊರಾಟಿನೋಸ್ ಟಿಪ್ಪಣಿ ಮೂರೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಜಾಸ್ತಿ ಪುಟಗಳೂ ಇಲ್ಲ. ಅವುಗಳ ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದು ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ,
ನಿವೃತ್ತ ಇತಿಹಾಸ ಉಪನ್ಯಾಸಕ, ಉಡುಪಿ