ಮಗಳಿಗೊಂದು ಪತ್ರ: ಕಂತಿನ ಬಟ್ಟೆ ಬೇಡ ಪುಟ್ಟಿ

ಹಾಸನ
ಭಾನುವಾರ ರಾತ್ರಿ

ಪುಟ್ಟಿ,

ನಿನ್ನೆ ಚಿಕ್ಕಮಗಳೂರಿಂದ ಫೋನ್ ಮಾಡಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. ಆಫೀಸಿಗೆ ಹಾಕಿಕೊಂಡು ಹೋಗೋಕೆ ಬಟ್ಟೆನೇ ಇಲ್ಲಮ್ಮ, ಮೊಬೈಲಲ್ಲಿ 12,000 ರೂಪಾಯಿಗೆ ಕಂತಿನ ಮೇಲೆ ತಗೊಳ್ತೀನಿ ಅಂದೆ. ನಾನು ಬೇಡ ಅಂತ ಒಂದೇ ಮಾತು ಹೇಳಿ ಫೋನ್ ಇಟ್ಟುಬಿಟ್ಟೆ. ಹಾಗೆ ಮಾಡಬಾರದಿತ್ತು. ಯಾಕೆ ಬೇಡ ಅಂದೆ ಅಂತ ಹೇಳಬೇಕು, ಅದಕ್ಕೇ ಕೂತು ಬರೀತಿದ್ದೀನಿ.

ನಾನು ಗಾರ್ಮೆಂಟ್ಸ್‌ಗೆ ಸೇರಿದ ಹೊಸದು. ಸಂಬಳದ ದಿನ ಗೇಟಿನ ಹೊರಗೆ ಒಬ್ಬರು ಬಟ್ಟೆ ಗಂಟು ಬಿಚ್ಚಿಕೊಂಡು ಕೂರುತ್ತಿದ್ದರು. ವಾರಕ್ಕಿಷ್ಟು ಕೊಟ್ಟರೆ ಆಯ್ತು. ನನ್ನ ಜೊತೆಯವರೆಲ್ಲ ತಗೊಂಡರು, ನಾನೂ ಒಂದು ರಾಣಿ ಬಣ್ಣದ ಚೂಡಿದಾರ್ ಬಟ್ಟೆ ತಗೊಂಡೆ. ಎಷ್ಟು ಆಸೆಪಟ್ಟು ಹೊಲಿದುಕೊಂಡೆ ಗೊತ್ತಾ? ಮೊದಲ ಸಲ ಒಗೆದಾಗಲೇ ಬಕೆಟ್ಟಿನ ನೀರೆಲ್ಲ ಕೆಂಪಾಯ್ತು. ಒಣಗಿದ ಮೇಲೆ ನೋಡಿದರೆ ತೋಳು ಮೊಣಕೈ ಹತ್ತಿರ ಬಂದಿತ್ತು. ಕೇಳೋಕೆ ಹೋದರೆ, ನೀರಿಗೆ ಹಾಕಿದ ಮೇಲೆ ವಾಪಸ್ ಇಲ್ಲ ಅಂದರು. ಕಂತು ಮಾತ್ರ ಇನ್ನೂ ಎಂಟು ವಾರ ಬಾಕಿ ಇತ್ತು. ಹಾಕಿಕೊಳ್ಳೋಕೆ ಆಗದ ಬಟ್ಟೆಗೆ ಎಂಟು ವಾರ ದುಡ್ಡು ಕೊಟ್ಟೆ ಕಣೇ. ಆ ಸಂಕಟ ನಿನಗೆ ಬೇಡ ಅಂತ ಅಷ್ಟೇ.

ಈಗ ಲೆಕ್ಕ ಕೇಳು. ನಿನ್ನ ಹತ್ತಿರ 4,000 ರೂಪಾಯಿ ಇದೆ ಅಂದೆ. ಸಾಕು. ಪ್ಯಾಂಟಿನಿಂದ ಶುರು ಮಾಡು. ಒಂದು ಕಪ್ಪು, ಒಂದು ಗೋಧಿ ಬಣ್ಣದ್ದು. ಅವೆರಡಕ್ಕೂ ಹೊಂದುವ ಟಾಪು ಮಾತ್ರ ತಗೋ. ನಾಲ್ಕು ಟಾಪು ಇದ್ದರೆ ಎಂಟು ಜೊತೆ ಆಯ್ತು, ಆಡಿಟರ್ ಆಫೀಸಿನ ಆರು ದಿನಕ್ಕೆ ಧಾರಾಳ. ಹೊಳೆಯೋ ಬಟ್ಟೆ, ಕಲ್ಲು ಮಣಿ ಅಂಟಿಸಿದ್ದು ಬೇಡ. ಅದನ್ನು ಒಂದು ಸಲ ನೋಡಿದವರು ನೆನಪಿಟ್ಟುಕೊಳ್ತಾರೆ. ತಿಳಿ ನೀಲಿ, ಬೂದಿ ಬಣ್ಣ, ಸಣ್ಣ ಗೆರೆಯದ್ದು ವಾರಕ್ಕೆ ಎರಡು ಸಲ ಹಾಕಿದರೂ ಯಾರಿಗೂ ಗೊತ್ತಾಗಲ್ಲ. ಗೊತ್ತಾದರೂ ಏನೀಗ? ಕಾಫಿ ತೋಟದವರು ಲೆಕ್ಕದ ಪುಸ್ತಕ ತಂದು ನಿನ್ನ ಮುಂದೆ ಕೂತಾಗ, ಲೆಕ್ಕ ಸರಿ ಇದೆಯಾ ಅಂತ ನೋಡ್ತಾರೆ.

ನಾಲ್ಕನ್ನೂ ಕೊಳ್ಳಬೇಕಾಗಿಲ್ಲ. ನನ್ನ ಬೂದು ಬಣ್ಣದ ಕಾಟನ್ ಸೀರೆ ಇದೆಯಲ್ಲ, ಅದನ್ನು ಇವತ್ತು ಬೆಳಕಿಗೆ ಹಿಡಿದು ನೋಡಿದೆ. ಕೂರುವ ಜಾಗ ಸವೆದು ಜಾಲರಿ ಥರ ಆಗಿದೆ. ಸೆರಗಿನ ಕಡೆ ಎರಡೂವರೆ ಮೀಟರ್ ಇನ್ನೂ ಗಟ್ಟಿ. ಎಷ್ಟೋ ಸಲ ಒಗೆದ ಬಟ್ಟೆ, ಇನ್ನು ಕುಗ್ಗೋದೂ ಇಲ್ಲ, ಬಣ್ಣ ಬಿಡೋದೂ ಇಲ್ಲ. ಅದರಲ್ಲಿ ಒಂದು ಟಾಪು ಹೊಲಿದುಕೊಡ್ತೀನಿ, ಅಂಚನ್ನು ತೋಳಿಗೆ ಇಡ್ತೀನಿ. ಇನ್ನೆರಡಕ್ಕೆ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋಗಿ ಕಟ್ ಪೀಸ್ ತರ್ತೀನಿ. ಎರಡೂ ಸೇರಿ 800ರೊಳಗೆ ಆಗುತ್ತೆ. ನಾಲ್ಕನೆಯದು ನಿನ್ನ ಕಾಲೇಜಿನ ಹಸಿರು ಕುರ್ತಾ. ಎದೆ ಹತ್ತಿರ ಬಿಗಿ ಅಂತ ಮೂಲೆಗೆ ಹಾಕಿದ್ದೀಯಲ್ಲ, ಅದನ್ನು ಒಳಮಗ್ಗಲು ಮಾಡಿ ಪಕ್ಕದ ಹೊಲಿಗೆ ನೋಡು. ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟಿದ್ದೀನಿ. ನೀನು ಬೆಳೀತೀಯ ಅಂತ ಆಗಲೇ ಬಿಟ್ಟಿದ್ದು.

ರೆಡಿಮೇಡ್ ತಗೊಳ್ಳುವಾಗಲೂ ಹೀಗೇ ನೋಡಬೇಕು. ಅಲ್ಲಿಯ ಎಂ.ಜಿ. ರಸ್ತೆಯಲ್ಲಿ ಪ್ಯಾಂಟು ತಗೊಳ್ತೀಯಲ್ಲ, ಮೊದಲು ತಿರುಗಿಸಿ ಒಳಗಡೆ ನೋಡು. ಒಂದು ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಇದ್ದರೆ ಗಟ್ಟಿ. ಆರೇಳು ಇದ್ದರೆ ಬಾಳಿಕೆ ಬರಲ್ಲ. ಹೊಲಿಗೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳಿ. ನಡುವೆ ದಾರ ಹಲ್ಲು ಕಿರಿದ ಹಾಗೆ ಕಂಡರೆ ವಾಪಸ್ ಇಟ್ಟುಬಿಡು. ಕರವಸ್ತ್ರದ ತುದಿ ಒದ್ದೆ ಮಾಡಿ ಒಳಮಡಿಕೆಗೆ ಉಜ್ಜು. ಬಣ್ಣ ಹತ್ತಿದರೆ ಬೇಡ. ಅಂಗಡಿಯವರು ಮುಖ ನೋಡ್ತಾರೆ, ನೋಡಲಿ ಬಿಡು. ಕಾಟನ್ ಅಂತ ಹೇಳಿ ಕೊಟ್ಟಿದ್ದರೆ ಮನೆಗೆ ಬಂದು ಒಂದೆಳೆ ದಾರ ಕಿತ್ತು ಸುಡು. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬರುತ್ತೆ, ಬೂದಿ ಮೆತ್ತಗೆ ಉದುರುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಥರ ಆಗುತ್ತೆ.

ಆದರೆ ಪೂರ್ತಿ ಕಾಟನ್ನೇ ಬೇಕು ಅಂತ ಹಟ ಮಾಡಬೇಡ. ಜೂನ್‌ನಲ್ಲಿ ಮಳೆ ಹಿಡಿದರೆ ಚಿಕ್ಕಮಗಳೂರಲ್ಲಿ ಬಟ್ಟೆ ಒಣಗಲ್ಲ. ದಪ್ಪ ಕಾಟನ್ ಎರಡು ದಿನ ಆದರೂ ತೇವ ಇರುತ್ತೆ, ಕಮಟು ವಾಸನೆ ಬರುತ್ತೆ. ಅದಕ್ಕೆ ಎರಡು ಕಟ್ ಪೀಸಲ್ಲಿ ಒಂದನ್ನು ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ತರ್ತೀನಿ, ಫ್ಯಾನ್ ಕೆಳಗೆ ರಾತ್ರಿ ಹರವಿದರೆ ಬೆಳಗ್ಗೆ ಒಣಗಿರುತ್ತೆ. ಅಗ್ಗ ಅಂತ ರೇಯಾನ್ ತಗೊಂಡರೆ ತಿರುಚಿ ಹಿಂಡಬೇಡ, ಒದ್ದೆಯಾದಾಗ ಅದಕ್ಕೆ ಬಲ ಕಡಿಮೆ. ಯಾವುದೇ ಬಟ್ಟೆ ಆದರೂ ಒಳಮಗ್ಗಲು ಮಾಡಿ ನೆರಳಲ್ಲಿ ಒಣಗಿಸು. ಕಾಟನ್ನಿಗೆ ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಹಾಕಿಬಿಡು, ಒಣಗಿದ ಮೇಲೆ ಸುಕ್ಕು ಬಿಡಲ್ಲ.

ಚಪ್ಪಲಿಗೆ ಮಾತ್ರ ಚೌಕಾಸಿ ಬೇಡ. 900 ತನಕ ಕೊಡು. ನೀರಿಗೆ ಕೆಡದ, ಕಾಲಿಗೆ ಸರಿ ಕೂರುವಂಥದ್ದು, ಕಪ್ಪು. ಪಿಜಿಯಿಂದ ದಿನಾ ನಡೆದು ಹೋಗ್ತೀಯ, ಹಿಮ್ಮಡಿ ಒಡೆದುಕೊಂಡು ಕೂತರೆ ಕೆಲಸ ಆಗಲ್ಲ. ಪ್ಯಾಂಟು ಎರಡಕ್ಕೂ 900, ಬಟ್ಟೆಗೆ 800, ಚಪ್ಪಲಿಗೆ 900, ಒಟ್ಟು 2,600 ಆಯ್ತು. ಗಟ್ಟಿ ಕೊಡೆಗೆ 300, ಒಳಬಟ್ಟೆಗೆ 400 ಹಾಕು. ಮಿಕ್ಕ 700 ಮುಟ್ಟಬೇಡ. ಸಂಬಳ ಬರೋವರೆಗೆ ಕೈಲಿರಲಿ. ಸ್ವೆಟರ್ ತಗೋಬೇಡ, ಅಜ್ಜಿ ಹೆಣೆದ ಕಂದು ಬಣ್ಣದ್ದನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೀನಿ. ಆಮೇಲೆ ತಿಂಗಳಿಗೆ ಒಂದರ ಹಾಗೆ ಸೇರಿಸಿಕೊಂಡು ಹೋದರಾಯ್ತು, ಆತುರ ಏನಿದೆ?

ಬೇರೆಯವರ ಹತ್ತಿರ ಇದೆ, ನನಗಿಲ್ಲ ಅಂತ ಬೇಜಾರು ಮಾಡ್ಕೋಬೇಡ ಕಂದಾ. ನಿನಗೆ ಒಳ್ಳೆ ಬಟ್ಟೆ ಹಾಕಬೇಕು ಅನ್ನೋ ಆಸೆ ನಿನಗಿಂತ ನನಗೇ ಜಾಸ್ತಿ.

ಮುಂದಿನ ಭಾನುವಾರ ಬೇಲೂರು ದಾರಿಯ ಸರ್ಕಾರಿ ಬಸ್ಸಿಗೆ ನಾನೇ ಬರ್ತೀನಿ. ಶಕ್ತಿ ಯೋಜನೆ ಇರೋದ್ರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಆಯ್ತು. ಕಟ್ ಪೀಸನ್ನು ನಾಳೆನೇ ತಂದು ರಾತ್ರಿ ನೀರಲ್ಲಿ ನೆನೆಸಿಡ್ತೀನಿ. ಕುಗ್ಗೋದೆಲ್ಲ ಕುಗ್ಗಿದ ಮೇಲೆ ಕತ್ತರಿ ಹಾಕ್ತೀನಿ. ಪಿಜಿ ಹುಡುಗಿ ಹತ್ತಿರ ಟೇಪ್ ಹಿಡಿಸಿ ಭುಜ, ಎದೆ, ತೋಳಿನ ಉದ್ದ ಅಳೆದು ಮಂಗಳವಾರದೊಳಗೆ ಹೇಳು. ಉಸಿರು ಎಳೆದುಕೊಂಡು ಅಳತೆ ಕೊಡಬೇಡ, ಆರಾಮಾಗಿ ನಿಂತುಕೋ. ಆ ಹಸಿರು ಕುರ್ತಾನ ಒಗೆದಿಟ್ಟಿರು, ಅಲ್ಲೇ ಕೂತು ಹೊಲಿಗೆ ಬಿಚ್ಚಿಕೊಡ್ತೀನಿ. ಸೂಜಿ ದಾರ ನಾನು ತರ್ತೀನಿ.

ನಿನ್ನ
ಅಮ್ಮ