ಮಲೇರಿಯಾ ಲಸಿಕೆ: ಭಾನುವಾರದೊಳಗೆ ಕರಡು ಓದಿ
ಎಲ್ಲರಿಗೂ ನಮಸ್ಕಾರ. ಲಸಿಕೆ ಬಂದಾಯ್ತಲ್ಲ, ಸಂಶೋಧನೆಗೆ ಇನ್ನೂ ಯಾಕೆ ಹಣ ಅಂತ ಕೆಲವರು ಕೇಳಿದ್ದೀರಿ. ನಿಜ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು, 2023ರಲ್ಲಿ ಇನ್ನೊಂದು ಲಸಿಕೆಯನ್ನು ಶಿಫಾರಸು ಮಾಡಿದೆ. ಎರಡನೆಯದು, ಅಂದರೆ ಆರ್‌21, ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲೇ ತಯಾರಾಗುತ್ತದೆ. ಆದರೆ ಇವೆರಡೂ ಆಫ್ರಿಕಾದ ಮಕ್ಕಳನ್ನು ಕಾಡುವ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ರೋಗಾಣುವಿಗೆ ಮಾತ್ರ. ನಾಲ್ಕು ಡೋಸ್ ಬೇಕು, ರಕ್ಷಣೆಯೂ ಬರುಬರುತ್ತಾ ಇಳಿಯುತ್ತದೆ.

ಮಂಗಳೂರಿನವರು ಕಂಡ ಮಲೇರಿಯಾ ಜಾಸ್ತಿ ವೈವಾಕ್ಸ್ ಎಂಬ ಇನ್ನೊಂದು ಬಗೆಯ ರೋಗಾಣುವಿನದು. ಅದು ಲಿವರ್‌ನಲ್ಲಿ ಅಡಗಿದ್ದು, ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದಕ್ಕೆ ಲಸಿಕೆಯೇ ಇಲ್ಲ! ಬಡವರ ಕಾಯಿಲೆ, ಲಾಭ ಕಮ್ಮಿ. ಕಂಪನಿಗಳು ತಾವಾಗಿ ಬರುವುದು ಕಷ್ಟ, ಸರ್ಕಾರದ ಹಣವೇ ಬೇಕು ಅಲ್ವಾ?

ಸಂಸದರಿಗೆ ಕಳಿಸುವ ಮನವಿಯ ಕರಡನ್ನು ಮೇಲೆ ಪಿನ್ ಮಾಡಿದ್ದೇನೆ. ಸುಮ್ನೆ ಥಂಬ್ಸ್ ಅಪ್ ಒತ್ತಬೇಡಿ. ಓದಿ, ತಿದ್ದುವುದಿದ್ದರೆ ಹೇಳಿ.