ಕಡ್ಲಿ ಹೊಲದ ಹಕ್ಕಿ ಇಲ್ಲಿ ಸಿಕ್ಕಿತು

ಬ್ರಿಸ್ಟಲ್, ಇಂಗ್ಲೆಂಡ್
ಜನವರಿ, ಆದಿತ್ಯವಾರ ರಾತ್ರಿ

ಅಪ್ಪಾ, ಅವ್ವಾ, ಇಬ್ಬರಿಗೂ ಶರಣು. ತಮ್ಮ ಈ ಪತ್ರ ಓದಿ ಹೇಳೂ ಮುಂದ ಅಜ್ಜಿನ್ನೂ ಹತ್ತಿರ ಕುಂದರಿಸಿಕೊಳ್ರಿ, ಆಕಿಗೂ ಒಂದು ಸುದ್ದಿ ಐತಿ ಇದ್ರಾಗ.

ದಿನಾ ಫೋನಿನ್ಯಾಗ ಮಾತಾಡ್ತೀವಿ ಖರೆ. ಆದ್ರ ಫೋನ್ ಹಚ್ಚಿದ್ರ ಊಟ ಆತೇನು, ಥಂಡಿ ಭಾಳ ಐತೇನು, ಅವ್ವನ ಮೊಣಕಾಲು ಹೆಂಗೈತಿ, ಅಷ್ಟರಾಗ ಹೊತ್ತು ತೀರತೈತಿ. ನಿನ್ನೆ ನಾ ನೋಡಿದ್ದು ಹಂಗ ಅರ್ಧಕ್ಕ ನಿಲ್ಲೂದು ಬ್ಯಾಡ ಅನಿಸಿತು. ಫೋಟೋ ತಮ್ಮನ ಮೊಬೈಲಿಗೆ ಕಳಿಸೀನಿ. ಪತ್ರ ಓದಕೋತನ ಒಂದೊಂದು ತಗದು ನೋಡ್ರಿ, ಎಲ್ಲಾ ಒಮ್ಮೆಲೆ ನೋಡಿ ಮುಗಸಬ್ಯಾಡ್ರಿ.

ಮೂರು ರಾತ್ರಿ ಪಾಳಿ ಮುಗಿಸಿದ ಮ್ಯಾಲೆ ನಿನ್ನೆ ರಜಾ ಇತ್ತು. ನನ್ನ ವಾರ್ಡಿನ್ಯಾಗ ಕೆಲಸ ಮಾಡೂ ಕೇರಳದ ಗೆಳತಿ ಕಾರ್ ತಂದ್ಲು. ಇಲ್ಲಿಂದ ಒಂದು 40 ಕಿಲೋಮೀಟರ್ ದೂರ ಸ್ಲಿಮ್‌ಬ್ರಿಜ್ ಅಂತ ಊರು. ಸೆವರ್ನ್ ಅನ್ನೂ ಹೊಳಿ ಸಮುದ್ರಕ್ಕ ಕೂಡೂ ಮುಂಚೆ ಅಗಲಾಗಿ ಹರಡಿಕೊಂಡ ಕಡೆ, ಅದರ ದಂಡಿ ಮ್ಯಾಲೆ ಜೌಗು ಹೊಲ, ಕೆರಿ, ಜೊಂಡು. ಅಲ್ಲಿ ನೀರುಹಕ್ಕಿಗಳಿಗಂತನ ಒಂದು ದೊಡ್ಡ ಜಾಗಾ ಕಾಯ್ದುಕೊಂಡು ಬಂದಾರ. ಹೋದ ವರ್ಷ ನಾ ತಗೊಂಡ ಹಳೆ ಕ್ಯಾಮೆರಾ, ಉದ್ದನ ಲೆನ್ಸು ಎರಡನ್ನೂ ಹೆಗಲಿಗೆ ಹಾಕ್ಕೊಂಡು, ಡಬ್ಬಿಯೊಳಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಹೋದ್ವಿ. ಅವ್ವ ಕಳಿಸಿದ್ದ ಚಟ್ನಿ ಅದು, ಇನ್ನೂ ಅರ್ಧ ಡಬ್ಬಿ ಉಳದೈತಿ.

ಆ ಜಾಗಾ ಕಟ್ಟಿದವರ ಕಥಿ ಮೊದಲ ಹೇಳಬೇಕು. ಪೀಟರ್ ಸ್ಕಾಟ್ ಅಂತ ಚಿತ್ರಕಾರರು. ಅವರ ಅಪ್ಪ ದಕ್ಷಿಣ ಧ್ರುವಕ್ಕ ಹೋಗಿ, ತಿರಗಿ ಬರೂ ಹಾದಿಯೊಳಗ 1912ರಾಗ ಹಿಮದಾಗ ತೀರಿಕೊಂಡ ಕ್ಯಾಪ್ಟನ್ ಸ್ಕಾಟ್. ಸಾಯೂ ಮುಂದ ಡೇರೆಯೊಳಗ ಕುಂತು ಹೇಣ್ತಿಗೆ ಬರದ ಪತ್ರದಾಗ, ಹುಡುಗನಿಗೆ ನಿಸರ್ಗದ ಮ್ಯಾಲೆ ಆಸಕ್ತಿ ಬರೂಹಂಗ ಮಾಡು ಅಂತ ಕೇಳಿಕೊಂಡಿದ್ರು. ಹುಡುಗಗ ಆಗ ಮೂರು ವರ್ಷನೂ ತುಂಬಿರಲಿಲ್ಲ. ದೊಡ್ಡವನಾದ ಮ್ಯಾಲೆ ಮೊದಲ ಬಂದೂಕು ಹಿಡಿದು ಬಾತುಕೋಳಿ ಬೇಟೆ ಆಡಿದ, ಆಮ್ಯಾಲೆ ಬಂದೂಕು ಇಟ್ಟು ಅವನ್ನ ಕಾಯಾಕ ನಿಂತ. 1946ರಾಗ ಈ ಜಾಗಾ ಸುರು ಮಾಡಿದ್ದು ಅವನ. ದೂರದಿಂದ ಮನಿಗೆ ಬರದ ಒಂದು ಪತ್ರ ಇಷ್ಟು ಕೆಲಸ ಮಾಡ್ತು ಅಂತ ಓದಿದಾಗ, ನಾ ನಿಮಗ ಪತ್ರ ಬರದು ಎಷ್ಟು ದಿನಾ ಆತು ಅಂತ ನೆನಪಾತು.

ಮೊದಲ ಫೋಟೋ ಹಂಸದ್ದು, ಬೆವಿಕ್ ಹಂಸ ಅಂತಾರ. ರಶಿಯಾದ ಉತ್ತರ ತುದಿಯ ಹಿಮದ ಬಯಲಿಂದ ಥಂಡಿ ಕಳಿಯಾಕ ಬರ್ತಾವ. ಕೊಕ್ಕಿನ ಮ್ಯಾಲೆ ಹಳದಿ, ಕರೀ ಬಣ್ಣ ಇರ್ತೈತಿ. ಆ ಹಳದಿ ಎಲ್ಲಿ ನಿಲ್ತೈತಿ, ಕರೀದು ಎಲ್ಲಿ ಸುರು ಆಗ್ತೈತಿ ಅನ್ನೂದು ಒಂದೊಂದು ಹಕ್ಕಿಗೆ ಒಂದೊಂದು ಥರ. ಸ್ಕಾಟ್ ತಮ್ಮ ಮನಿ ಕಿಡಕಿಯೊಳಗಿಂದ ಇದನ್ನ ನೋಡಿ, 1964ರಿಂದ ಒಂದೊಂದರ ಮಾರಿ ಚಿತ್ರ ತಗದು ಹೆಸರಿಟ್ಟು ಲೆಕ್ಕ ಇಟ್ರು. ಆ ಲೆಕ್ಕ ಇವತ್ತಿಗೂ ನಡದೈತಿ. ಅಪ್ಪ ದನದ ಹಿಂಡಿನ್ಯಾಗ ಹಣಿ ಮ್ಯಾಲಿನ ಚುಕ್ಕಿ ನೋಡಿ ನಮ್ಮ ಆಕಳ ಗುರ್ತು ಹಿಡೀತಾರಲ್ಲ, ಹಂಗ. ಈಗೀಗ ಇಲ್ಲಿಗೆ ಬರೂ ಹಂಸ ಕಡಿಮಿ ಆಗ್ಯಾವ ಅಂತ. ಥಂಡಿ ಮೊದಲಿನಂಗ ಬೀಳವಲ್ದು, ಹಿಂಗಾಗಿ ಭಾಳಷ್ಟು ಹಾದಿಯೊಳಗ ಜರ್ಮನಿ, ಹಾಲೆಂಡ್ ಕಡೆನ ಉಳಕೊಂತಾವ.

ಬಿಳಿ ಹಕ್ಕಿ ಫೋಟೋ ತಗಿಯೂದು ಸರಳ ಇಲ್ಲ. ಮೋಡದ ಕೆಳಗ ಬೂದು ನೀರಿನ ಮ್ಯಾಲೆ ಬೆಳ್ಳನ ಹಂಸ ಇದ್ದಾಗ ಕ್ಯಾಮೆರಾ ಹಿನ್ನೆಲಿಯ ಕತ್ತಲಿ ನೋಡಿ ಬೆಳಕ ಹೆಚ್ಚು ತಗೊಂತೈತಿ, ಹಂಸ ಸುಣ್ಣ ಬಳದ ಗ್ವಾಡಿ ಆಗ್ತೈತಿ, ಒಂದು ಗರಿನೂ ಕಾಣೂದಿಲ್ಲ. ನನ್ನ ಮೊದಲಿನ ಮೂವತ್ತು ಫೋಟೋ ಹಂಗ ಹಾಳಾದ್ವು. ಆಮ್ಯಾಲೆ ಎಕ್ಸ್‌ಪೋಜರ್ ಇಳಿಸಿ ಇಳಿಸಿ, ರೆಕ್ಕಿಯ ಒಂದೊಂದು ಗರಿಯ ನೆರಳು ಕಾಣೂತನಕ ತಂದೆ. ಕಟ್ಟಿಗಿ ಗುಡಿಸಲಿನ ಕಿಂಡಿಯೊಳಗಿಂದ, ನೀರಿನ ಮಟ್ಟಕ್ಕ ಕ್ಯಾಮೆರಾ ಇಳಿಸಿ ತಗದದ್ದು ಎರಡನೇ ಫೋಟೋ. ಅದರ ಕಣ್ಣಾಗ ಮೋಡ ಕಾಣಸ್ತೈತಿ ನೋಡ್ರಿ.

ಮೂರನೇದು ನೇನೆ. ಹವಾಯಿ ದ್ವೀಪದ ಹೆಬ್ಬಾತು. ನಮ್ಮ ಕಾಲಾಗ ಅಡ್ಡಾಡತಾವ, ಅಂಗೈಯಾಗ ಕಾಳು ಹಿಡದ್ರ ಬಂದು ತಿಂತಾವ. ಕುತ್ತಿಗಿ ನೋಡ್ರಿ, ಎರಿ ಹೊಲದಾಗ ಕುಂಟಿ ಹೊಡದಂಗ ಗೆರಿ ಗೆರಿ ಅದಾವ. ಜ್ವಾಲಾಮುಖಿ ಕಲ್ಲಿನ ಮ್ಯಾಲೆ ನಡದು ನಡದು ಪಾದದ ಜಾಲನೂ ಕಡಿಮಿ ಆಗೇತಿ. 1950ರ ಸುಮಾರಿಗೆ ಇಡೀ ಜಗತ್ತಿನ್ಯಾಗ ಇವು ಬರೇ 30 ಉಳದಿದ್ವಂತ. ಬೇಟೆ ಒಂದು ಕಾರಣ. ಇನ್ನೊಂದು ಕಾರಣ ಕೇಳಿ ನಾ ನಿಂತಲ್ಲೆ ನಿಂತೆ: ಮುಂಗಲಿ. ಕಬ್ಬಿನ ಹೊಲದಾಗ ಇಲಿ ಹಿಡೀಲಿ ಅಂತ ನಮ್ಮ ದೇಶದ ಮೂಲದ ಮುಂಗಲಿನ್ನ 1883ರಾಗ ಹವಾಯಿಗೆ ಒಯ್ದು ಬಿಟ್ಟಿದ್ರು. ಅವು ಇಲಿ ಬಿಟ್ಟು ನೆಲದ ಮ್ಯಾಲಿನ ತತ್ತಿ ತಿಂದ್ವು. ಹಕ್ಕಿ ತೀರಿಹೋಗೂ ಮೊದಲ ಹವಾಯಿಯಿಂದ ಎರಡನ್ನ ಗಂಡು-ಹೆಣ್ಣು ಅಂತ ತಿಳಿದು ಸ್ಲಿಮ್‌ಬ್ರಿಜ್‌ಗೆ ತಂದ್ರು. ಎರಡೂ ತತ್ತಿ ಇಟ್ವು! ಅವಸರಲೇ ಒಂದು ಗಂಡನ್ನ ತರಿಸಬೇಕಾತು. ಆ ಮೂರರಿಂದ ಹುಟ್ಟಿದ ಸಂತಾನ ಬೆಳದು, 1962ರಾಗ ಅವನ್ನ ತಿರಗಿ ಹವಾಯಿಯ ಗುಡ್ಡಕ್ಕ ಒಯ್ದು ಬಿಟ್ರು. ತಾಯಿನಾಡು ಕಾಣದ, ಇಂಗ್ಲೆಂಡಿನ ಮಳಿಯಾಗ ಹುಟ್ಟಿದ ಮರಿಗಳು ಅವು. ಅಂಗೈ ಮ್ಯಾಲೆ ಅದರ ಕೊಕ್ಕು ತಾಗಿದಾಗ ನಂಗ ಮೈ ಝುಂ ಅಂತು.

ಮ್ಯಾಂಡರಿನ್ ಬಾತು, ಫ್ಲೆಮಿಂಗೊ ಎಲ್ಲಾ ಅದಾವ, ಫೋಟೋ ಕಳಿಸೀನಿ. ಚಂದ ಅದಾವ ಖರೆ. ಅವುಗಳ ಮುಂದ ಗದ್ಲ ಭಾಳ ಇತ್ತು, ನಾ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಜ್ಜಿ, ಇದು ನಿನಗ. ಆರನೇ ಫೋಟೋದಾಗ ಕಾವಿ ಬಣ್ಣದ ಜೋಡಿ ಕುಂತೈತಲ್ಲ, ಅದ ಚಕ್ರವಾಕ. ಗಂಡಿನ ಕೊರಳಾಗ ಕರೀ ದಾರ ಕಟ್ಟಿದಂಗ ಗೆರಿ ಐತಿ. ರಾತ್ರಿ ಆದ್ರ ಒಂದು ಈ ದಂಡಿ, ಒಂದು ಆ ದಂಡಿ ಸೇರಿ ಬೆಳತನಕ ಕರಕೊಂತ ಇರ್ತಾವ ಅಂತ ನೀ ಹೇಳೂ ಕಥಿಯ ಹಕ್ಕಿ. ಆ ಕಥಿ ಕೇಳಿ ನಾ ಅದನ್ನ ಪುರಾಣದ ಹಕ್ಕಿ ಅನಕೊಂಡಿದ್ದೆ. ಇಲ್ಲಿ ಹಲಗಿ ಮ್ಯಾಲೆ ಹೆಸರು ಓದಿ ತಿಳೀತು, ನಮ್ಮ ಕಡೆ ಕೆರಿಗೂ ಥಂಡಿ ದಿನಕ್ಕ ಇದು ಬರ್ತೈತಿ ಅಂತ. ನಿನ್ನೆ ಇವು ಒಂದಕ್ಕೊಂದು ಹತ್ತಿಕೊಂಡ ಕುಂತಿದ್ವು. ಗೆಳತಿ ಹೋಗೂಣು ಅನ್ನೂತನಕ ಅಲ್ಲೆ ಇದ್ದೆ.

ಇನ್ನ ನಾ ಈ ಪತ್ರ ಬರೀಲಿಕ್ಕೆ ಕಾರಣ ಆದದ್ದು ಹೇಳ್ತೀನಿ. ಅಪ್ಪಾ, ಏಳನೇ ಫೋಟೋ ತಗೀರಿ.

ಗುರ್ತು ಸಿಕ್ಕಿತೇನು? ಬಿಳೇ ತಲಿ, ನೆತ್ತಿಯ ಹಿಂದ ಎರಡು ಕರೀ ಪಟ್ಟಿ, ಕುತ್ತಿಗಿ ಬಾಜೂ ಇಳದ ಬಿಳಿ ಗೆರಿ, ಹಳದಿ ಕೊಕ್ಕು. ಪಟ್ಟೆತಲೆ ಹೆಬ್ಬಾತು. ನಿಮ್ಮ ಕಡ್ಲಿ ತಿನ್ನೂ ಹಕ್ಕಿ!

ತಂತಿ ಬೇಲಿ ಮುಂದ ಹತ್ತು ಮಂದಿ ಕ್ಯಾಮೆರಾ ಹಿಡಕೊಂಡು ಉಸರು ಬಿಗಿಹಿಡಿದು ನಿಂತಿದ್ರು. ದೂರ ದೇಶದ ಅಪರೂಪದ ಹಕ್ಕಿ ಅಂತ. ನನ್ನ ಬಾಜೂ ಇದ್ದ ಹಿರಿಯರು ಒಬ್ಬರು ಮೆತ್ತಗ, ಇದು ಎಷ್ಟು ಪರದೇಶಿ ಹಕ್ಕಿ ಗೊತ್ತೇನು ಅಂದ್ರು. ಅವರು ಹೇಳಿದ್ದು ಬೆರಗಿನಿಂದ. ನಮ್ಮ ಕಡೆ ಪರದೇಶಿ ಅಂದ್ರ ದಿಕ್ಕಿಲ್ಲದವರು. ನಂಗ ಗಂಟಲು ಬಿಗೀತು. ಇದು ನಮ್ಮೂರ ಹಕ್ಕಿರಿ, ಗದಗ ಜಿಲ್ಲೆ ಮಾಗಡಿ ಅಂತ ಊರು, ಅಲ್ಲಿ ಕೆರಿಯಾಗ ಪ್ರತಿ ವರ್ಷ ಸಾವಿರಾರು ಬಂದು ಇಳೀತಾವ ಅಂದೆ. ಹೋದ ವರ್ಷ ತಮ್ಮ ಒಡ್ಡಿನ ಮ್ಯಾಲೆ ನಿಂತು ತಗದು ಕಳಿಸಿದ್ದ ವಿಡಿಯೋ ತೋರಿಸಿದೆ. ಅವರು ಕನ್ನಡಕ ತಗದು, ಫೋನು ಕಣ್ಣಿಗೆ ಹತ್ತಿರ ಹಿಡಕೊಂಡು ಮೂರು ಸಲ ನೋಡಿದ್ರು. ಸಪ್ಪಳ ಇನ್ನೊಮ್ಮೆ ಕೇಳಸು ಅಂದ್ರು.

ಆ ಸಪ್ಪಳ ನಂಗ ಕೇಳಿಸೂದ ಬೇಕಿಲ್ಲ, ಒಳಗ ಕುಂತೈತಿ. ನಾನು ಐದನೇತ್ತಾ ಇದ್ದಾಗ ನೀವು ರಾತ್ರಿ ಬ್ಯಾಟರಿ, ಖಾಲಿ ಎಣ್ಣಿ ಡಬ್ಬಿ ತಗೊಂಡು ಹೊಲಕ್ಕ ಹೋಗೂ ಮುಂದ ನನ್ನೂ ಕರಕೊಂಡು ಹೋಗಿದ್ರಿ. ಕಂಬಳಿ ಹೊತ್ತು ಬದುವಿನ ಮ್ಯಾಲೆ ಕುಂತಿದ್ವಿ. ಕತ್ತಲಾಗ ಕೆರಿ ಕಡೆಯಿಂದ ಮೊದಲ ಕೂಗು, ಆಮ್ಯಾಲೆ ರೆಕ್ಕಿ ಸಪ್ಪಳ, ಆಮ್ಯಾಲೆ ಹೊಲದಾಗ ಕಡ್ಲಿ ಕುಡಿ ಕಿತ್ತೂ ಚಟ್ ಚಟ್ ಸಪ್ಪಳ. ನೀವು ಡಬ್ಬಿ ಬಡದ್ರಿ. ಎದ್ದು ಬಾಜೂ ಹೊಲಕ್ಕ ಇಳದ್ವು. ಆ ಹೊಲದವರು ಬಡದ್ರು, ಮತ್ತ ನಮ್ಮ ಹೊಲಕ್ಕ. ಮುಂಜಾನೆ ನೋಡಿದ್ರ ಕೆರಿ ಬಾಜೂಕಿನ ಸಾಲೆಲ್ಲಾ ಬೋಳು, ಹಸರು ಹಿಕ್ಕಿ. ಬೀಜದ ರೊಕ್ಕ, ಗೊಬ್ಬರದ ರೊಕ್ಕ ಅಂತ ನೀವು ಅವ್ವನ ಮುಂದ ಲೆಕ್ಕ ಹಾಕಿದ್ದು ನಂಗ ಇನ್ನೂ ನೆನಪೈತಿ. ಹಕ್ಕಿ ನೋಡಾಕ ಬರೂ ಮಂದಿ ಫೋಟೋ ತಕ್ಕೊಂಡು ಹೊಕ್ಕಾರ, ನನ್ನ ಹೊಲ ಯಾರೂ ನೋಡೂದಿಲ್ಲ ಅಂದಿದ್ರಿ. ನಿಮ್ಮ ಮಾತು ಖರೆ ಅಪ್ಪಾ. ಆ ಹಿರಿಯರಿಗೆ ನಾ ಇದನ್ನೂ ಹೇಳಿದೆ. ಈ ಹಕ್ಕಿ ಬದುಕಿರೂದು ಯಾರ ಹೊಲದ ಕಡ್ಲಿ ತಿಂದು ಅನ್ನೂದು ಹಲಗಿ ಮ್ಯಾಲೆ ಬರದಿರಲಿಲ್ಲ.

ಆದ್ರ ಇದನ್ನೂ ಕೇಳ್ರಿ. ಅದು ನಿಮ್ಮ ಹೊಲಕ್ಕ ಬರೂದು ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ನೋಡ್ಯಾರ, ಒಂದು ಹಕ್ಕಿ 7,290 ಮೀಟರ್ ಎತ್ತರಕ್ಕ ಏರಿತ್ತು. ಅಷ್ಟು ಮ್ಯಾಲೆ ಹವಾದಾಗ ಆಕ್ಸಿಜನ್ ನಮ್ಮೂರಾಗಿನದರ ಅರ್ಧನೂ ಇರೂದಿಲ್ಲ. ನಾ ದಿನಾ ಪೇಶಂಟ್ ಬೆರಳಿಗೆ ಆಕ್ಸಿಮೀಟರ್ ಹಚ್ಚಾಕಿ. ರಕ್ತದಾಗಿನ ಆಕ್ಸಿಜನ್ ನೂರಕ್ಕ 90ರ ಕೆಳಗ ಇಳದ್ರ ಓಡಿ ಹೋಗಿ ಆಕ್ಸಿಜನ್ ಹಚ್ತೀನಿ. ಆ ಹಕ್ಕಿ ಅಂಥ ಹವಾದಾಗ ರೆಕ್ಕಿ ಬಡಕೊಂತ, ಗುಡ್ಡ ಏರಿದಂಗ ಏರಿ, ಇಳದಂಗ ಇಳದು, ಹಾದಿ ಸವಸ್ತೈತಿ. ಅದರ ರಕ್ತನ ಬ್ಯಾರೆ, ಇದ್ದ ಸ್ವಲ್ಪ ಆಕ್ಸಿಜನ್ನ ಗಟ್ಟಿಯಾಗಿ ಹಿಡಕೊಂತೈತಿ. ಅಷ್ಟು ದೂರ ಬಂದು ದಣದು ಇಳಿಯೂದು ನಮ್ಮ 134 ಎಕರೆ ಕೆರಿಗೆ. ಬದುವಿನ ಮ್ಯಾಲೆ ಕುಂತ ಆ ರಾತ್ರಿ ನಮಗ ಇಬ್ಬರಿಗೂ ಇದು ಗೊತ್ತಿರಲಿಲ್ಲ.

2024ರಾಗ ನಮ್ಮ ಮಾಗಡಿ ಕೆರಿನ್ನ ರಾಮ್ಸಾರ್ ಪಟ್ಟಿಗೆ ಸೇರಿಸಿದ್ರಲ್ಲ, ಪೇಪರ್‌ನ್ಯಾಗ ಬಂದಿತ್ತು. ಜಗತ್ತಿನ್ಯಾಗ ಕಾಯಲೇಬೇಕಾದ ಜೌಗು ಜಾಗಾಗಳ ಪಟ್ಟಿ ಅದು. ನಾ ನಿನ್ನೆ ನಿಂತಿದ್ದ ಸೆವರ್ನ್ ಹೊಳಿಯ ದಂಡಿನೂ ಅದ ಪಟ್ಟಿಯೊಳಗ ಐತಿ. ಪಟ್ಟಿಗೆ ಸೇರಿಸಿದ ಮ್ಯಾಲೆ ಕಡ್ಲಿ ಹಾನಿಯ ಪರಿಹಾರನೂ ಕೆರಿಯ ಲೆಕ್ಕದಾಗ ಬರಬೇಕು ಅನ್ನೂದು ನನ್ನ ಮಾತು. ಹೊಲದವರ ಪೈಕಿ ನಾಕು ಮಂದಿ ಕೂಡಿ ಅರ್ಜಿ ಬರೀರಿ. ಹಾನಿಯಾದ ಸಾಲಿನ ಫೋಟೋ ತಾರೀಖು ಸಹಿತ ತಗದು ಇಡಾಕ ತಮ್ಮಗ ಹೇಳ್ರಿ. ಅರ್ಜಿ ನಾ ಇಲ್ಲಿಂದ ತಿದ್ದಿ ಕೊಡ್ತೀನಿ. ಪಟಾಕಿ ಮಾತ್ರ ಹಚ್ಚಬ್ಯಾಡ್ರಿ ಅಪ್ಪಾ. ಬೇಕಾದ್ರ ಡಬ್ಬಿ ಬಡೀರಿ.

ತಮ್ಮಾ, ನಿನಗ ಒಂದು ಕೆಲಸ. ಮುಂಜಾನೆ ಹೊತ್ತು ಹುಟ್ಟೂ ಮೊದಲ ಒಡ್ಡಿನ ಮ್ಯಾಲೆ ಕುಂದರು, ಹೊಲದಿಂದ ಕೆರಿಗೆ ತಿರಗಿ ಬರೂ ಹೊತ್ತು ಅದು. ಸೂರ್ಯ ನಿನ್ನ ಬೆನ್ನಿಗೆ ಇರಲಿ. ನೀರಿನ ದಂಡಿತನಕ ಇಳೀಬ್ಯಾಡ. ಒಂದು ಎದ್ರ ಎಲ್ಲಾ ಏಳ್ತಾವ, ರಾತ್ರಿ ತಿಂದದ್ದೆಲ್ಲಾ ಆ ಹಾರಾಟದಾಗ ಹೊಕ್ಕೈತಿ. ಕೊರಳು ನೋಡು. ಮಂಗೋಲಿಯಾದಾಗ ಕೆಲವಕ್ಕ ಅಕ್ಷರ, ಅಂಕಿ ಇರೂ ಬಣ್ಣದ ಪಟ್ಟಿ ಹಾಕಿ ಬಿಟ್ಟಿರ್ತಾರ. ಅಂಥವು ಮೈಸೂರು ಕಡೆ ಹದಿನಾರು ಅನ್ನೂ ಊರಿನ ಕೆರಿಯಾಗ ಕಂಡಾವ. ನಿನಗೂ ಒಂದು ಕಂಡ್ರ, ಫೋಟೋ ಮಸುಕು ಬಂದ್ರೂ ನಡೀತೈತಿ, ಅಂಕಿ ಮಾತ್ರ ಬರಕೋ.

ನನ್ನ ಏಳನೇ ಫೋಟೋದಾಗ ತಂತಿ ಯಾಕ ಕಾಣೂದಿಲ್ಲ ಅಂತ ನೀ ಕೇಳ್ತೀ. ಲೆನ್ಸನ್ನ ಬೇಲಿಗೆ ಹತ್ತಿಸಿ ಹಿಡದು, ಬೆಳಕ ಒಳಗ ಬಿಡೂ ಅದರ ಕಣ್ಣು ಪೂರ್ತಿ ಅಗಲ ತಗದು, ದೂರದ ಹಕ್ಕಿ ಮ್ಯಾಲೆ ಫೋಕಸ್ ಇಟ್ರ ತಂತಿ ಕರಗಿ ಹೊಕ್ಕೈತಿ. ಅಷ್ಟರಾಗ ಥಂಡಿಗೆ ಬ್ಯಾಟರಿನೂ ಹೋತು, ಹಿಂಗಾಗಿ ಅದೊಂದ ಫೋಟೋ. ನಾಕೂವರಿಗೆ ಹೊತ್ತು ಮುಳಗಿತು.

ಅಪ್ಪಾ, ಈ ವರ್ಷ ಎಷ್ಟು ಬಂದಾವ, ಕಡ್ಲಿ ಎಷ್ಟು ಉಳದೈತಿ, ಎರಡೂ ಬರೀರಿ. ತಮ್ಮನ ಕೈಲೆ ಬ್ಯಾಡ, ನಿಮ್ಮ ಅಕ್ಷರದಾಗ.

ನಿಮ್ಮ ಮಗಳು